ರಕ್ತ ಹೀರುವ ಮದುಮಗಳ ಕಥೆ ಬರೆಯುವವರಿಗೆ

ನಮ್ಮ ಬರೆಯುವವರ ಗುಂಪಿನಲ್ಲಿ ದೆವ್ವದ ಪ್ರೇಮಕಥೆ ಬರೆಯುವವರು ಜಾಸ್ತಿ ಆಗಿದ್ದಾರೆ, ಅದಕ್ಕೇ ಈ ಸಲಹೆ. ರಕ್ತಪಿಶಾಚಿ ಹುಡುಗಿ ಮಂಡ್ಯದ ಹುಡುಗನನ್ನು ಮದುವೆ ಆಗ್ತಾಳೆ ಅಂದರೆ ನಗುವನ್ನು ಬೇರೆಲ್ಲೂ ಹುಡುಕಬೇಡಿ, ಮದುವೆ ಕೆಲಸದಲ್ಲೇ ಇದೆ.

ಬಿಸಿಲು ಅವಳಿಗೆ ಆಗಲ್ಲ, ಅಲ್ವಾ? ಹಾಗಾದರೆ ಗೋಧೂಳಿ ಲಗ್ನ ಕೇಳಲಿ. ಜೋಯಿಸರು ಬೆಳಗಿನ ಮುಹೂರ್ತವೇ ಆಗಬೇಕು ಅಂತ ಹಟ ಹಿಡಿಯಲಿ. ಕರೆಯದೆ ಹೊಸಿಲು ದಾಟುವಂತಿಲ್ಲ ಅನ್ನೋದು ರಕ್ತಪಿಶಾಚಿ ಕುಲದ ಹಳೇ ನಿಯಮ. ಗಂಡಿನ ಮನೆ ಬಾಗಿಲ ಮೇಲೆ ಅಜ್ಜಿ ಸುಣ್ಣದಲ್ಲಿ ‘ನಾಳೆ ಬಾ’ ಅಂತ ಬರೆದಿದ್ದರೆ? ಪಾಪ, ಸೇರು ಒದೆಯೋಕೆ ದಿನಾ ಬಂದು ದಿನಾ ವಾಪಸ್.

ಕನ್ನಡಿಯಲ್ಲಿ ಕಾಣಲ್ಲ ಅನ್ನೋ ಜೋಕ್ ಬಿಡಿ, ಸವೆದುಹೋಗಿದೆ.

ಬೆಳ್ಳುಳ್ಳಿಯೂ ಅವಳಿಗೆ ಆಗಲ್ಲ, ಅದನ್ನು ಮಾತ್ರ ನಿಧಾನವಾಗಿ ಬರೆಯಿರಿ. ಧಾರೆ ದಿನ ಪಾಯಸ, ಒಬ್ಬಟ್ಟು ತಿಂದು ಹೇಗೋ ಬದುಕಿಕೊಳ್ತಾಳೆ. ಕಂಟಕ ಇರೋದು ಬೀಗರ ಊಟದಲ್ಲಿ. ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜು. ಹಿಂದಿನ ರಾತ್ರಿ ಹೆಂಗಸರು ಮೊರದ ತುಂಬ ಬೆಳ್ಳುಳ್ಳಿ ಸುಲಿಯುತ್ತಾ ಕೂತಿರುತ್ತಾರೆ, ಸಿಪ್ಪೆ ಫ್ಯಾನ್ ಗಾಳಿಗೆ ಹಾರುತ್ತಿರುತ್ತದೆ. ಹೊಸ ಸೊಸೆ ಕೈಗೂ ನಾಲ್ಕು ಗೆಡ್ಡೆ ಕೊಡಿಸಿ. ಆಮೇಲೆ ಎಲೆಗೆ ರಕ್ತದ ಪಲ್ಯ ಬರುತ್ತೆ ಅಂತ ಕೇಳಿ ಅವಳು ಕಣ್ಣರಳಿಸಲಿ. ಒಗ್ಗರಣೆಗೆ ಬೆಳ್ಳುಳ್ಳಿ ಬಿದ್ದಿರೋದು ಬಡಿಸಿದ ಮೇಲೆ ಗೊತ್ತಾಗಲಿ.