ಮೂರು ಮಂದಿ ಕೂಡಿ ಕಟ್ಟಿ ಮೂರು ಮಂದಿನೂ ಕೂಡಿ ನಿಲ್ಲಿಸಿದ ಜಪಾನಿ ಬ್ಯಾಂಡ್: ದೋಸ್ತರನ್ನ ಕೂಡಿಸಿ ಒಂದ ಸಂಜಿಯೊಳಗ ವೈಎಂಒ ಕೇಳಿಸೋದು ಹೆಂಗ

ನಮ್ಮ ಬಾಗಲಕೋಟಿ ಕಡೆ ಆರ್ಕೆಸ್ಟ್ರಾದಾಗ ಕೀಬೋರ್ಡ್ ನುಡಿಸೋರು, ಪ್ಯಾಡ್ ಬಾರಿಸೋರು ಯಾವ ಊರಿಗೆ ಹೋದ್ರೂ ಸಿಗ್ತಾರ, ಅವರ ಮುಂದಿನ ಪೆಟ್ಟಿಗಿ ಮ್ಯಾಲ ಭಾಳ ಸಲ ರೋಲ್ಯಾಂಡ್ ಅಂತ ಬರದಿರ್ತೈತಿ, ಆದ್ರ ಆ ಕಂಪನಿ ಮಷಿನ್ ನಂಬಿ 1978ರಾಗ ಟೋಕಿಯೋದಾಗ ಒಂದ ಬ್ಯಾಂಡ್ ಎದ್ದು ನಿಂತಿತ್ತು, ಐದಾರು ವರ್ಷದಾಗ ಇಡೀ ಜಪಾನ್ ಅಲ್ಲಾಡಿಸಿ ತಾನ ಬಾಗಲಾ ಹಾಕ್ಕೊಂತು ಅಂದ್ರ ಯಾರಿಗೂ ಗೊತ್ತಿರಂಗಿಲ್ಲ. ಯೆಲ್ಲೋ ಮ್ಯಾಜಿಕ್ ಆರ್ಕೆಸ್ಟ್ರಾ, ಎಲ್ಲಾರೂ ವೈಎಂಒ ಅಂತಾರ. ಬಾಸ್ ನುಡಿಸೋ ಹರುವೋಮಿ ಹೊಸೊನೊ, ಡ್ರಮ್ ಬಾರಿಸಿ ಹಾಡೋ ಯುಕಿಹಿರೊ ತಕಹಾಶಿ, ಕೀಬೋರ್ಡಿನ ರ್ಯುಯಿಚಿ ಸಕಾಮೊಟೊ, ಮೂರ ಮಂದಿ. ಇವರ ಹಾಡು ಒಂದೊಂದ ಬಿಡಿಬಿಡಿಯಾಗಿ ಕೇಳಿದ್ರ "ಏ ಇದು ಹಳೇ ವಿಡಿಯೋ ಗೇಮ್ ಸೌಂಡ್ ಐತಲೇ" ಅಂತ ಬಿಟ್ಟುಬಿಡ್ತಾರ, ಅದಕ್ಕ ಶುರುವಿನಿಂದ ಕಡೀತನಕ ಒಂದ ಕೂಡುವಿಕೆಯೊಳಗ ಕೇಳಿಸಬೇಕು. ಹೆಂಗ ಮಾಡೋದು ಅಂತ ಹೇಳ್ತೀನಿ.

ಮೊದಲ ಮಂದಿ. ಆರೇಳು ಜನ ಸಾಕು, ಹತ್ತರ ಮ್ಯಾಲ ಆತಂದ್ರ ಅದು ಪಾರ್ಟಿ ಆಗ್ತೈತಿ, ಕೇಳೋ ಕೆಲಸ ಆಗಂಗಿಲ್ಲ. ಅದ್ರಾಗ ಒಬ್ಬ ಕೀಬೋರ್ಡಿನಾಂವ, ಒಬ್ಬ ಹಲಗಿ ಇಲ್ಲಾ ಡೋಲಕ್ ಬಾರಿಸಾಂವ, ಮತ್ತೊಬ್ಬ "ನನಗ ಇಂಥಾವೆಲ್ಲಾ ಸೇರಂಗಿಲ್ಲ" ಅನ್ನಾಂವ ಇರಲೇಬೇಕು, ಕಡೀನಾಂವ ಇಲ್ಲಂದ್ರ ಖರೇ ಪ್ರಶ್ನಿ ಕೇಳೋರ ಇರಂಗಿಲ್ಲ. ಹೋಳಿ ಹುಣ್ಣಿಮಿ ಆಜುಬಾಜು ಮಾತ್ರ ಇಟ್ಕೋಬ್ಯಾಡ್ರಿ, ಬಾಗಲಕೋಟಿ ಹೋಳಿ ನಿಮಗ ಗೊತ್ತೈತಲ್ಲ, ಓಣಿತುಂಬ ಹಲಗಿ ಸಪ್ಪಳದಾಗ ಯಾವ ಜಪಾನೂ ಕೇಳಂಗಿಲ್ಲ. ನವನಗರದ ಕಡೆ ಮಾಳಿಗಿ ಇದ್ರ ಹೊತ್ತು ಮುಳುಗಿದ ಮ್ಯಾಲ ಅಲ್ಲೇ ಜಮಖಾನಿ ಹಾಸ್ರಿ, ಬ್ಯಾಸಗಿಯೊಳಗ ಒಳಗ ಕೂಡೋದು ಆಗದ ಮಾತು.

ಸ್ಪೀಕರ್ ಬಗ್ಗೆ ಸ್ವಲ್ಪ ತಲಿ ಕೆಡಿಸ್ಕೊಳ್ರಿ. ಒಂದ ಸಣ್ಣ ಬ್ಲೂಟೂತ್ ಡಬ್ಬಿ ಇಟ್ರ ಕೆಲಸ ಕೆಟ್ಟಂಗ, ಯಾಕಂದ್ರ ಈ ರೆಕಾರ್ಡಿನಾಗ ಒಂದ ಸೌಂಡ್ ಎಡಕ್ಕ ಒಂದ ಬಲಕ್ಕ ಇಟ್ಟು ಆಟ ಆಡ್ಯಾರ, ಅದೆಲ್ಲಾ ಕೂಡಿ ಮುದ್ದಿ ಆಗಿಬಿಡ್ತೈತಿ. ಆರ್ಕೆಸ್ಟ್ರಾದ ದೋಸ್ತನ ಕಡೆ ಇರೋ ಎರಡು ಸ್ಪೀಕರ್ ತರಸ್ರಿ, ಎರಡರ ನಡುವ ಒಂದ ಹಾಸಿಗಿ ಉದ್ದ ಜಾಗಾ ಬಿಡ್ರಿ, ಬಾಸ್ ಬೂಸ್ಟ್ ಆಫ್ ಮಾಡ್ರಿ. ಡಿಜೆ ಬಾಕ್ಸ್ ತರೋ ಉಮೇದಿ ಯಾರಿಗರ ಬಂದ್ರ ಅಲ್ಲೇ ಕೂಡಸ್ರಿ. ಹಾಡೆಲ್ಲಾ ಮೊದಲ ಡೌನ್‌ಲೋಡ್ ಮಾಡಿ ಇಟ್ಕೊಳ್ರಿ, ಕರೆಂಟ್ ಹೋದ್ರ ವೈಫೈ ಹೋಗ್ತೈತಿ, ವೈಫೈ ಹೋದ್ರ ಮಂದಿ ಎದ್ದು ಹೋಗ್ತಾರ.

ಈಗ ಕ್ರಮ. ರೆಕಾರ್ಡ್ ಬಂದ ವರ್ಷದ ಪ್ರಕಾರನ ಹಚ್ಚಬೇಕು, ಇದ್ರಾಗ ರಾಜಿ ಇಲ್ಲ. ಭಾಳ ಮಂದಿ ಫೇಮಸ್ ಹಾಡಿನಿಂದ ಶುರು ಮಾಡ್ತಾರ, ಆಮ್ಯಾಲ ಹಿಂದಕ್ಕ ಹೋಗ್ತಾರ, ಹಂಗ ಮಾಡಿದ್ರ ಬ್ಯಾಂಡ್ ಯಾಕ ನಿಂತು ಅನ್ನೋದು ಒಂದ ಸುದ್ದಿಯಾಗಿ ಉಳೀತೈತಿ. ಕ್ರಮವಾಗಿ ಕೇಳಿದ್ರ ಅದು ಹಾಡಿನೊಳಗನ ಕೇಳ್ತೈತಿ, 1981ಕ್ಕ ಬರೋದ್ರಾಗ ನಿಮ್ಮ ದೋಸ್ತರ ಹೇಳ್ತಾರ ಏನೋ ಬದಲಾತಲ್ಲ ಅಂತ.

ಶುರುವಿಗೆ ಬ್ಯಾಂಡಿನ ಹಾಡನ ಹಚ್ಚಬ್ಯಾಡ್ರಿ. ಮಾರ್ಟಿನ್ ಡೆನಿ ಅಂತ ಒಬ್ಬ ಅಮೆರಿಕದಾಂವ ಹವಾಯಿಯೊಳಗ ಕುಂತು ಏಷ್ಯಾದ ಕಡಿಂದು ಅನ್ನಿಸೋ ಹಂಗ ಹೋಟೆಲ್ ಸಂಗೀತ ಮಾಡ್ತಿದ್ದ, ಅವನ ಫೈರ್‌ಕ್ರ್ಯಾಕರ್ ಅನ್ನೋದು 1959ರದ್ದು, ಅದನ್ನ ಮೊದಲ ಕೇಳಿಸ್ರಿ. ಆಮ್ಯಾಲ ಕಥಿ ಹೇಳ್ರಿ: 1978ರ ಫೆಬ್ರುವರಿ, ಹೊಸೊನೊ ಮನಿಯೊಳಗ, ಕೆಳಗ ಹೀಟರ್ ಇರೋ ಗಿಡ್ಡ ಟೇಬಲ್ ಸುತ್ತ ಕಾಲು ಬೆಚ್ಚಗ ಮಾಡ್ಕೊಂಡು ಅನ್ನದ ಉಂಡಿ ತಿಂದು ಮೂವರೂ ಕುಂತಾಗ ಹೊಸೊನೊ ಒಂದ ನೋಟಬುಕ್ ತಗದು ತೋರಿಸಿದ, ಅದ್ರಾಗ ಇದ್ದಿದ್ದು ಇದ, ಡೆನಿಯ ಈ ಫೈರ್‌ಕ್ರ್ಯಾಕರ್ ತಗೊಂಡು ಸಿಂಥಸೈಜರ್ ಡಿಸ್ಕೋ ಮಾಡಿ ಜಗತ್ತಿನಾಗ 40 ಲಕ್ಷ ಮಾರಬೇಕು ಅಂತ. ಪಶ್ಚಿಮದ ಮಂದಿ ಏಷ್ಯಾ ಹಿಂಗೈತಿ ಅಂತ ಕಲ್ಪಿಸಿದ್ದನ್ನ ಏಷ್ಯಾದವರ ಮಷಿನ್ ಮ್ಯಾಲ ನುಡಿಸಿ ಅವರಿಗೇ ತಿರುಗಿ ಮಾರೋದು, ಎಂಥಾ ತಲಿ ನೋಡ್ರಿ. ಇಷ್ಟು ಹೇಳಿ ಇವರ ಫೈರ್‌ಕ್ರ್ಯಾಕರ್ ಹಚ್ಚ್ರಿ. ಮೊದಲ ಆಲ್ಬಮ್ ಎರಡು ರೂಪದಾಗ ಸಿಗ್ತೈತಿ, 1978ರ ಜಪಾನಿಂದು, 1979ರ ಅಮೆರಿಕದ್ದು, ತಲಿತುಂಬ ಕೂದಲ ಬದ್ಲಿ ವಾಯರ್ ಇರೋ ಹೆಣ್ಣಮಗಳ ಚಿತ್ರ ಕಂಡ್ರ ಅದು ಅಮೆರಿಕದ್ದು. ಅಲ್ಲಿ ಮಿಕ್ಸ್ ಬ್ಯಾರೆ ಮಾಡ್ಯಾರ, ಮಾಳಿಗಿ ಮ್ಯಾಲ ಕೇಳಾಕ ನನಗ ಅದ ಚಲೋ ಅನ್ನಸ್ತೈತಿ.

ಇಲ್ಲೇ ಕೀಬೋರ್ಡಿನ ದೋಸ್ತನಿಗೆ ಒಂದ ಕೆಲಸ ಹಚ್ಚ್ರಿ. ಅವಾಗ ಇವರು ಬಳಸಿದ್ದು ರೋಲ್ಯಾಂಡ್ ಎಂಸಿ-8, ಸಿಂಥಸೈಜರನ್ನ ತಾನ ನುಡಿಸೋ ಮಷಿನ್, 1977ರಾಗ ಬಂದಿದ್ದು. ಅದ್ರಾಗ ನುಡಿಸೋದಲ್ಲ, ನಂಬರ್ ಒತ್ತೋದು, ಒಂದೊಂದ ಸ್ವರಕ್ಕೂ ಎತ್ತರ ಎಷ್ಟು, ಮುಂದಿನ ಸ್ವರಕ್ಕ ಎಷ್ಟು ಹೊತ್ತು, ಅದ್ರಾಗ ಎಷ್ಟು ಹೊತ್ತು ಸದ್ದು ಇರಬೇಕು, ಹಿಂಗ ಮೂರು ಲೆಕ್ಕ. ಹಿದೆಕಿ ಮತ್ಸುತಾಕೆ ಅನ್ನಾಂವ ಈ ಕೆಲಸಕ್ಕಂತನ ಇದ್ದ, ನಾಲ್ಕನೇ ಮೆಂಬರ್ ಅಂತಿದ್ರು. ನಿಮ್ಮ ದೋಸ್ತಗ ಒಂದ ಸಣ್ಣ ಧಾಟಿ ನುಡಿಸಾಕ ಹೇಳಿ, ಆಮ್ಯಾಲ ಅದನ್ನ ಹಾಳಿ ಮ್ಯಾಲ ಆ ಮೂರು ಲೆಕ್ಕದಾಗ ಬರಿ ಅನ್ರಿ, ಎರಡ ಸಾಲಿಗೇ ಪೆನ್ ಒಗೀತಾನ. ಮಷಿನ್ ತಾನ ಎಲ್ಲಾ ಮಾಡ್ತೈತಿ ಅನ್ನೋ ಮಾತು ಆಮ್ಯಾಲ ಯಾರೂ ಎತ್ತಂಗಿಲ್ಲ.

ಮುಂದ ಏರೋ ಭಾಗ, ಇದನ್ನ ಜಗ್ಗಬ್ಯಾಡ್ರಿ, ಓಡಿಸ್ರಿ. 1979ರ ಆಗಸ್ಟ್‌ದಾಗ ಲಾಸ್ ಏಂಜಲೀಸ್‌ನ ಗ್ರೀಕ್ ಥಿಯೇಟರ್‌ದಾಗ ಟ್ಯೂಬ್ಸ್ ಅನ್ನೋ ಬ್ಯಾಂಡಿನ ಮುಂದ ನುಡಿಸಿದ್ರು, ಸೆಪ್ಟೆಂಬರ್‌ದಾಗ ಸಾಲಿಡ್ ಸ್ಟೇಟ್ ಸರ್ವೈವರ್ ಬಂತು, 1980ರಾಗ ಅದು ಜಪಾನಿನ ರೆಕಾರ್ಡ್ ಮಾರಾಟದ ಒರಿಕಾನ್ ಪಟ್ಟಿಯೊಳಗ ಒಂದನೇ ನಂಬರ್. ಅಲ್ಲಿ ಹುಡುಗೂರು ಇವರಂಗ ಕಿವಿ ಪಕ್ಕದ ಕೂದಲ ಕತ್ತರಿಸ್ಕೊಂಡು ಅಡ್ಡ್ಯಾಡಾಕತ್ತಿದ್ರು. ಇಂಗ್ಲೆಂಡಿನ ಪಟ್ಟಿಯೊಳಗೂ ಕಂಪ್ಯೂಟರ್ ಗೇಮ್ ಅನ್ನೋ ಸಿಂಗಲ್ 17ಕ್ಕ ಮುಟ್ಟಿತು, ಅಮೆರಿಕದ ಸೋಲ್ ಟ್ರೇನ್ ಅನ್ನೋ ಟಿವಿ ಶೋದಾಗೂ ಕುಣಿಸಿದ್ರು, ಅದರ ವಿಡಿಯೋ ಸಿಕ್ರ ತೋರಸ್ರಿ. ಈ ಆಲ್ಬಮ್‌ನಿಂದ ಎರಡ ಹಾಡು ಸಾಕು. ಒಂದು ರೈಡೀನ್, ತಕಹಾಶಿದು, ನಡುವ ಕುದುರಿ ಓಡಿದ ಸಪ್ಪಳ ಬರ್ತೈತಿ, ಅಲ್ಲಿ ನಿಮ್ಮ ಹಲಗಿ ದೋಸ್ತನ ಕೈ ನೋಡ್ರಿ, ತೊಡಿ ಮ್ಯಾಲ ತಾನಾಗಿ ಆಡ್ತಿರ್ತೈತಿ. ಇನ್ನೊಂದು ಬಿಹೈಂಡ್ ದ ಮಾಸ್ಕ್, ಸಕಾಮೊಟೊಂದು. ಇದನ್ನ ಮೈಕಲ್ ಜಾಕ್ಸನ್ ತನ್ನ ಸಾಲು ಸೇರಿಸಿ ಹಾಡಿದ್ದ, ಆದ್ರ ಒಪ್ಪಂದ ಕೂಡಿ ಬರಲಿಲ್ಲ, ಅಂವ ಸತ್ತ ಮ್ಯಾಲ 2010ರಾಗ ಹೊರಗ ಬಂತು. ಮೊದಲ ವೈಎಂಒದ್ದು, ಹಿಂದಿಂದ ಜಾಕ್ಸನ್‌ದು ಹಚ್ಚಿದ್ರ ಆ "ಸೇರಂಗಿಲ್ಲ" ಅನ್ನಾಂವ ಮೊದಲನೇ ಸಲ ಫೋನ್ ಕೆಳಗ ಇಡ್ತಾನ.

ಗಿಟಾರಿನ ಹುಡುಗ ಯಾರರ ಇದ್ರ ಒಂದ ಮಾತು. 1979ರ ಲೈವ್ ಶೋದಾಗ ಕಾಜುಮಿ ವತನಾಬೆ ಗಿಟಾರ್ ನುಡಿಸಿದ್ದ, ಅವನ ರೆಕಾರ್ಡ್ ಕಂಪನಿ ಒಪ್ಪಲಿಲ್ಲ ಅಂತ ಪಬ್ಲಿಕ್ ಪ್ರೆಶರ್ ಅನ್ನೋ ಲೈವ್ ಆಲ್ಬಮ್‌ದಾಗ ಗಿಟಾರ್ ಅಳಿಸಿ ಸಕಾಮೊಟೊ ಸಿಂಥ್ ತುಂಬಿದ. ಗಿಟಾರ್ ಇರೋದು ಬೇಕಂದ್ರ 1991ರಾಗ ಬಂದ ಫೇಕರ್ ಹಾಲಿಕ್ ಹುಡುಕ್ರಿ.

ಇಲ್ಲಿ ಎಲ್ಲಾರೂ ಚಾ ಕೇಳ್ತಾರ, ಕೊಡಬ್ಯಾಡ್ರಿ. ಮಿರ್ಚಿ ಭಜಿ ವಾಸನಿ ಬಂತಂದ್ರ ಮುಂದಿನ ಭಾಗ ಸತ್ತಂಗ, ಮತ್ತ ಮುಂದಿಂದ ಈ ಸಂಜಿಯೊಳಗಿನ ಗಟ್ಟಿ ಭಾಗ. 1981ರಾಗ ಎರಡ ಆಲ್ಬಮ್ ಬಂದ್ವು, ಮಾರ್ಚ್‌ದಾಗ ಬಿಜಿಎಂ, ನವೆಂಬರ್‌ದಾಗ ಟೆಕ್ನೋಡೆಲಿಕ್. ರೈಡೀನ್ ಕೇಳಿ ಕುಣದ ಮಂದಿಗೆ ಇವು ಥಣ್ಣಗ ಅನ್ನಸ್ತಾವ, ಮಬ್ಬು ಮಬ್ಬು ಧಾಟಿ, ಜಿಗದಾಡೋದು ಇಲ್ಲ. ಅವರು ಬೇಕಂತನ ಹಂಗ ಮಾಡ್ಯಾರ, ಮಕ್ಕಳು ಸೈತ ಓಣಿಯೊಳಗ ಗುರುತು ಹಿಡಿಯೋ ಖ್ಯಾತಿ ಬಂದಿತ್ತಲ್ಲ, ಅದು ಸಕಾಮೊಟೊಗ ಬ್ಯಾಡಾಗಿತ್ತು. ಹೊಸೊನೊ ಬ್ಯಾಂಡಿನ ಹಿರ್ಯಾ, 1947ರಾಗ ಹುಟ್ಟಿದಾಂವ, ಪ್ರೊಡ್ಯೂಸರೂ ಅಂವನ. ಸಕಾಮೊಟೊ 1952ರಾಗ ಹುಟ್ಟಿದಾಂವ, ಟೋಕಿಯೋದ ಕಲಾ ವಿಶ್ವವಿದ್ಯಾಲಯದಾಗ ಸಂಗೀತ ಓದಿ ಬಂದು "ಪ್ರೊಫೆಸರ್" ಅಂತ ಕರಿಸ್ಕೋತಿದ್ದ. ಇಬ್ಬರಿಗೂ ಈ ಹೊತ್ತಿಗೆ ಸರಿ ಇರಲಿಲ್ಲ, ಬಿಜಿಎಂ ಮಾಡೋವಾಗ ಸಕಾಮೊಟೊ ಸ್ಟುಡಿಯೋಕ್ಕ ಬರೋದ ಕಡಿಮಿ. ಅದ್ರಾಗಿನ ಕ್ಯೂ ಅನ್ನೋ ಹಾಡು ಹೊಸೊನೊ ಮತ್ತ ತಕಹಾಶಿ ಇಬ್ಬರ ಮಾಡಿದ್ದು, ಸ್ಟೇಜ್ ಮ್ಯಾಲ ಇದು ಬಂದಾಗ ಸಕಾಮೊಟೊ ಕೀಬೋರ್ಡ್ ಬಿಟ್ಟು ಹೋಗಿ ಡ್ರಮ್ ಬಾರಸ್ತಿದ್ದ. ಇಷ್ಟ ಹೇಳಿ ಹಾಡು ಹಚ್ಚಿ ಸುಮ್ಮನ ಕೂಡ್ರಿ, ನೀವು ನಡುವ ವ್ಯಾಖ್ಯಾನ ಮಾಡಬ್ಯಾಡ್ರಿ.

ಟೆಕ್ನೋಡೆಲಿಕ್‌ನಿಂದ ಒಂದ ಹಾಡು, ಯಾವುದರ ಹಚ್ಚ್ರಿ, ನಾನಂತೂ ಪ್ಯೂರ್ ಜ್ಯಾಮ್ ಹಚ್ತೀನಿ. ಜನರ ದನಿ, ಮಷಿನ್ ಸಪ್ಪಳ ಹಿಡದು ತುಂಡು ಮಾಡಿ ಅದನ್ನ ವಾದ್ಯದಂಗ ನುಡಿಸೋದು ಈ ಆಲ್ಬಮ್‌ದಾಗ ಭಾಳ ಐತಿ, ಅದಕ್ಕಂತ ತೋಶಿಬಾ-ಇಎಂಐದ ಎಂಜಿನಿಯರ್ ಒಬ್ಬಾಂವ ಕೈಯಾರೆ ಒಂದ ಸ್ಯಾಂಪ್ಲರ್ ಕಟ್ಟಿಕೊಟ್ಟಿದ್ದ. ಇವತ್ತ ಪ್ಯಾಡ್ ಒತ್ತಿದ್ರ ಶಂಖ, ಗೆಜ್ಜಿ, ಚಪ್ಪಾಳಿ ಎಲ್ಲಾ ಬರ್ತಾವಲ್ಲ, ಆ ಕೆಲಸ ಆಗಿನ ಕಾಲಕ್ಕ ಹೊಸಾದು. ಈಗ ಚಾ ಕೊಡ್ರಿ, ಭಜಿನೂ ಕೊಡ್ರಿ.

ಚಾ ಕುಡಿಯೋವಾಗ 1982 ಹೇಳಿ ಮುಗಸ್ರಿ, ಆ ವರ್ಷ ಬ್ಯಾಂಡಾಗಿ ಆಲ್ಬಮ್ ಇಲ್ಲ. ಸಕಾಮೊಟೊ ಒಶಿಮಾ ಅನ್ನೋ ಡೈರೆಕ್ಟರನ ಯುದ್ಧದ ಸಿನಿಮಾದಾಗ ಇಂಗ್ಲೆಂಡಿನ ಹಾಡುಗಾರ ಡೇವಿಡ್ ಬೋವಿ ಎದುರಿಗೆ ಪಾರ್ಟ್ ಮಾಡಾಕ ಹೋದ, ಆ ಸಿನಿಮಾದ ಸಂಗೀತನೂ ಅವಂದ. ಹೊಸೊನೊ ಮತ್ತ ತಕಹಾಶಿ ಕೂಡಿ ಒಂದ ರೆಕಾರ್ಡ್ ಲೇಬಲ್ ಶುರು ಮಾಡಿದ್ರು, ಹೊಸೊನೊ ಸೇಕೊ ಮತ್ಸುದಾ ಅನ್ನೋ ಹೆಸರಾದ ಹಾಡುಗಾರ್ತಿಗೂ ಹಾಡು ಮಾಡಿಕೊಟ್ಟ. ಮೂವರ ಕೈತುಂಬ ಕೆಲಸ, ಮೂರೂ ಬ್ಯಾರೆ ದಾರಿ.

ಆಮ್ಯಾಲ 1983ರ ಕಿಮಿ ನಿ ಮುನೆ ಕ್ಯುನ್ ಹಚ್ಚ್ರಿ, ವಿಡಿಯೋ ಸಮೇತ. ಕಾನೆಬೊ ಅನ್ನೋ ಮೇಕಪ್ ಕಂಪನಿ ಜಾಹೀರಾತಿಗೆ ಮಾಡಿದ ಹಾಡು, ಮೂವತ್ತು ದಾಟಿದ ಮೂರು ಮಂದಿ, ಜಪಾನಿನಾಗ ಹಾಡಿ ಕುಣಿದು ಹೆಸರಾಗೋ ಹರೇದ ಐಡಲ್‌ಗಳಂಗ ನಗಾಡ್ಕೋತ ಹಾಡ್ತಾರ, ಒರಿಕಾನ್‌ದಾಗ ಎರಡನೇ ನಂಬರ್ ತನಕ ಹೋತು. 1981ರ ಮಬ್ಬಿನ ಹಿಂದಿಂದ ಇದು ಬಂದ್ರ ಮಂದಿ ನಗ್ತಾರ, ನಗಲಿ. ನಿಲ್ಲಸೋದು ಹೆಂಗೂ ಖಾತ್ರಿ ಆಗಿತ್ತು, ಹೋಗೋಕ್ಕಿಂತ ಮೊದಲ ಒಮ್ಮೆ ಪೂರಾ ಪಾಪ್ ಬ್ಯಾಂಡ್ ಆಗಿಬಿಡೋಣು ಅಂತ ಆಡಿದಂಗ ಕೇಳ್ತೈತಿ, ಇದು ನನ್ನ ಲೆಕ್ಕ. ಅದ ವರ್ಷದ ಕಡೀಗೆ ದೇಶತುಂಬ ಬೀಳ್ಕೊಡೋ ಟೂರ್, ಡಿಸೆಂಬರ್‌ದಾಗ ಟೋಕಿಯೋದ ಬುಡೊಕಾನ್‌ದಾಗ ಶೋ. ಡ್ರಮ್ಮಿಗೆ ಇಂಗ್ಲೆಂಡಿನ ಎಬಿಸಿ ಬ್ಯಾಂಡಿನ ಡೇವಿಡ್ ಪಾಮರ್ ಬಂದಿದ್ದ, ತಕಹಾಶಿ ಮುಂದ ಬಂದು ನಿಂತು ಹಾಡಿದ. ಆ ಲೈವ್ ಆಲ್ಬಮ್ ಆಫ್ಟರ್ ಸರ್ವಿಸ್, 1984ರಾಗ ಬಂತು, ಅದ್ರಾಗಿಂದ ರೈಡೀನ್ ಮತ್ತ ಒಮ್ಮೆ ಹಚ್ಚ್ರಿ. ಒಂದ ಸಂಜಿಯೊಳಗ ಅದ ಹಾಡು ಎರಡ ಸಲ ಬರೋದು ಇದೊಂದ ಜಾಗಾದಾಗ, ನಾಕು ವರ್ಷದಾಗ ಏನೇನ ಆತು ಅಂತ ಬಾಯಿಲೆ ಹೇಳೋ ಜರೂರತ್ತು ಬೀಳಂಗಿಲ್ಲ.

"ಹಂಗಾರ ಯಾಕ ಒಡೀತು" ಅಂತ ಇಲ್ಲಿ ಕೇಳೇ ಕೇಳ್ತಾರ. ಬನಶಂಕರಿ ಜಾತ್ರಿಗೆ ಬರೋ ನಾಟಕ ಕಂಪನಿ ಒಂದ ಎರಡಾತಂದ್ರ ನಮ್ಮ ಮಂದಿ ಹೆಂಗ ರೊಕ್ಕದ ಜಗಳೇನ, ಹೀರೋಯಿನ್ ಸಲುವಾಗೇನ ಅಂತ ಹುಡುಕ್ತಾರಲ್ಲ, ಹಂಗ ಇಲ್ಲೂ ಒಬ್ಬ ಖಳನಾಯಕನ್ನ ಹುಡುಕ್ತಾರ, ಸಿಗಂಗಿಲ್ಲ. ಖ್ಯಾತಿ ಭಾರ ಆತು, ಹಿರ್ಯಾಗೂ ಪ್ರೊಫೆಸರಗೂ ತಿಕ್ಕಾಟ ಇತ್ತು, ಮೂವರಿಗೂ ಸ್ವಂತ ಕೆಲಸ ಬೆಳೀತು, ಮತ್ತ ಮಾಡಬೇಕಂದಿದ್ದು ಮಾಡಿ ಮುಗಿಸಿದ್ರು. ಇಷ್ಟ ಹೇಳ್ರಿ, ಯೂಟ್ಯೂಬಿನ ಗಾಳಿಸುದ್ದಿ ಸೇರಿಸಬ್ಯಾಡ್ರಿ. ತಿಕ್ಕಾಟ ಇದ್ರೂ ಮಾತು ಬಿಡಲಿಲ್ಲ ಅನ್ನೋದಕ್ಕ ಸಾಕ್ಷಿ 1993, ಟೆಕ್ನೋಡಾನ್ ಅನ್ನೋ ಆಲ್ಬಮ್ ಮಾಡಿ ಟೋಕಿಯೋ ಡೋಮ್‌ದಾಗ ಎರಡ ದಿನ ನುಡಿಸಿದ್ರು. ಹೆಸರಿನ ಹಕ್ಕು ಹಳೇ ರೆಕಾರ್ಡ್ ಕಂಪನಿ ಕಡೆ ಇತ್ತಂತ ವೈಎಂಒ ಅಂತ ಬರದು ಅದರ ಮ್ಯಾಲ ದೊಡ್ಡ ಅಡ್ಡಗೀಟು ಹೊಡದು ಕವರ್ ಮಾಡಿದ್ರು, ಈ ಕವರ್ ಫೋನಿನಾಗ ತೋರಸ್ರಿ, ಹಾಡು ಬ್ಯಾಡ, ಹೊತ್ತಾಗಿರ್ತೈತಿ. 2007ರಿಂದ ಮತ್ತ ಆಗಾಗ ಕೂಡಿದ್ರು. ತಕಹಾಶಿ 2023ರ ಜನವರಿ 11ಕ್ಕ, ಸಕಾಮೊಟೊ ಅದ ವರ್ಷ ಮಾರ್ಚ್ 28ಕ್ಕ ತೀರಿಕೊಂಡ್ರು. ಹೇಳ್ರಿ, ಆದ್ರ ಅದರ ಮ್ಯಾಲ ಸಂಜಿ ಮುಗಿಸಬ್ಯಾಡ್ರಿ, ಶ್ರದ್ಧಾಂಜಲಿ ಸಭಾ ಆಗಿಬಿಡ್ತೈತಿ.

ಎದ್ದು ಹೋಗೋವಾಗ ಒಬ್ಬೊಬ್ಬರಿಗೆ ಒಂದೊಂದ ಸೋಲೋ ಆಲ್ಬಮ್ ಹೆಸರು ಕೊಡ್ರಿ, ಎಲ್ಲಾರಿಗೂ ಎಲ್ಲಾ ಕೊಟ್ರ ಒಬ್ಬರೂ ಕೇಳಂಗಿಲ್ಲ. ಹಲಗಿ ದೋಸ್ತಗ ತಕಹಾಶಿಯ ನ್ಯೂರೋಮ್ಯಾಂಟಿಕ್, 1981ರದ್ದು, ಲಂಡನ್‌ದಾಗ ಮಾಡಿದ್ದು. ಕೀಬೋರ್ಡಿನಾಂವಗ ಸಕಾಮೊಟೊನ ಬಿ-2 ಯೂನಿಟ್, ಮೊದಲ ಬೈತಾನ, ಎರಡನೇ ಸಲ ಕೇಳಿ ಅಂವನ ಫೋನ್ ಮಾಡ್ತಾನ. "ಸೇರಂಗಿಲ್ಲ" ಅನ್ನಾಂವಗ ಹೊಸೊನೊನ ಕೊಚ್ಚಿನ್ ಮೂನ್ ಕೊಡ್ರಿ, 1978ರಾಗ ತದನೊರಿ ಯೊಕೊ ಅನ್ನೋ ಚಿತ್ರಕಾರನ ಕೂಡ ನಮ್ಮ ದೇಶಕ್ಕ ಬಂದು ಹೊಟ್ಟಿ ಕೆಡಿಸ್ಕೊಂಡು ಹೋಗಿ ಮಾಡಿದ್ದು ಅದು, ಅದ್ರಾಗ ಮಲಬಾರ್ ಹೋಟೆಲ್, ಮದ್ರಾಸಿನ ಕಾನ್ಸಲ್ ಮೇಡಂ ಎಲ್ಲಾ ಬರ್ತಾರ. ಈ ಹೆಸರು ನೋಡಿ ಹಿಂದಿ ಸಿನಿಮಾ ಹಾಡು ಇರಬೇಕು ಅಂತ ಹಚ್ಚಿದಾಂವ ಏನ ಹೇಳ್ತಾನ ಅನ್ನೋದನ್ನ ಗ್ರೂಪಿನಾಗ ಹಾಕಾಕ ಹೇಳ್ರಿ.