‘ಕೈ ಉಳುಕಿದೆ’ ಅಂದರೆ ಯಾವ ಕೋಡ್? ಮೊಣಕೈ ಚಾರ್ಟ್‌ಗಳ ಜೊತೆ ನನ್ನ ಅನುಭವ

ನಮ್ಮ ಮನೆಯಲ್ಲಿ ಯಾರಿಗೆ ಕೈ ನೋವಾದರೂ ಒಂದೇ ಮಾತು, ‘ಕೈ ಉಳುಕಿದೆ’. ಅಮ್ಮ ನೀರಿನ ಕೊಡ ಎತ್ತುವಾಗ ಚಳಕ್ ಅಂದರೂ ಉಳುಕು. ತಮ್ಮ ಕ್ರಿಕೆಟ್ ಆಡುವಾಗ ಬಿದ್ದು ಬಂದರೂ ಉಳುಕು. ಎಳೆದದ್ದು ಸ್ನಾಯುವೋ, ಕೀಲಿನ ಲಿಗಮೆಂಟೋ ಅಂತ ಯಾರೂ ಕೇಳುವುದಿಲ್ಲ. ಬಿಸಿ ಎಣ್ಣೆ ತಿಕ್ಕಿ ಮಲಗಿದರೆ ಆಯ್ತು.

ಬೆಂಗಳೂರಿನಲ್ಲಿ ಮೆಡಿಕಲ್ ಕೋಡಿಂಗ್ ಕೆಲಸಕ್ಕೆ ಸೇರಿದಾಗ ಈ ಅಭ್ಯಾಸವನ್ನೂ ಜೊತೆಗೇ ತಂದಿದ್ದೆ. ನಮ್ಮ ಕೆಲಸ ಅಮೆರಿಕದ ಕ್ಲಿನಿಕ್‌ಗಳ ಚಾರ್ಟ್ ಓದಿ, ಡಾಕ್ಟರ್ ಬರೆದ ಡಯಾಗ್ನೋಸಿಸ್‌ಗೆ ಸರಿಯಾದ ಐಸಿಡಿ-10-ಸಿಎಂ ಕೋಡ್ ಹಾಕುವುದು. ಪ್ರತಿ ರೋಗಕ್ಕೂ ಗಾಯಕ್ಕೂ ಒಂದೊಂದು ಕೋಡ್ ಕೊಟ್ಟಿರುವ ಪಟ್ಟಿ ಅದು. ಅಲ್ಲಿ 2015ರ ಅಕ್ಟೋಬರ್ 1ರಿಂದ ಈ ಪಟ್ಟಿಯೇ ಜಾರಿಯಲ್ಲಿದೆ. ಇನ್ಶೂರೆನ್ಸ್‌ನವರು ಬಿಲ್ ನೋಡುವಾಗ ಮೊದಲು ಕಣ್ಣಿಗೆ ಬೀಳುವುದು ಆ ಕೋಡ್. ರೋಗಿಯ ದಾಖಲೆಯಲ್ಲಿ ಮುಂದೆ ವರ್ಷಗಟ್ಟಲೆ ಉಳಿಯುವುದೂ ಅದೇ.

ಸೇರಿ ಎರಡು ತಿಂಗಳಾಗಿತ್ತು. ಒಂದು ಚಾರ್ಟ್ ಬಂತು. ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವಾಗ ಬಲ ಮೊಣಕೈಯ ಒಳಬದಿಯಲ್ಲಿ ಏನೋ ಎಳೆದ ಹಾಗಾಯ್ತು ಎಂದು ರೋಗಿ ಹೇಳಿದ್ದಾರೆ. ಡಾಕ್ಟರ್ ಕೊನೆಯಲ್ಲಿ ಬರೆದದ್ದು: ಬಲ ಮೊಣಕೈ, ಫ್ಲೆಕ್ಸರ್ (ಮಡಚುವ) ಸ್ನಾಯುವಿನ ಸ್ಟ್ರೇನ್. ನಾನು ‘ಮೊಣಕೈ’ ಎಂಬ ಪದ ನೋಡಿದೆ, ‘ಉಳುಕು’ ಎಂದುಕೊಂಡೆ, ಎಸ್53.401ಎ ಹಾಕಿ ಮುಂದಿನ ಚಾರ್ಟ್‌ಗೆ ಹೋದೆ. ಮಾರನೇ ದಿನ, ನಮ್ಮ ಕೋಡ್‌ಗಳನ್ನು ಮತ್ತೆ ಪರಿಶೀಲಿಸುವ ಆಡಿಟ್‌ನಿಂದ ಅದು ವಾಪಸ್ ಬಂತು. ಆಡಿಟ್ ಮಾಡುತ್ತಿದ್ದ ಮೇಡಂ ನನ್ನ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತರು. ‘ಡಾಕ್ಟರ್ ಬರೆದದ್ದನ್ನು ಒಂದ್ಸಲ ಜೋರಾಗಿ ಓದಮ್ಮ’ ಅಂದರು. ಓದಿದೆ. ‘ಸ್ಟ್ರೇನ್ ಅಲ್ವಾ? ನೀನು ಹಾಕಿರೋದು ಸ್ಪ್ರೇನ್.’

ಒಂದೇ ಅಕ್ಷರದ ವ್ಯತ್ಯಾಸ, ಆದರೆ ಗಾಯವೇ ಬೇರೆ. ಸ್ಪ್ರೇನ್ ಅಂದರೆ ಮೂಳೆಗೆ ಮೂಳೆ ಕಟ್ಟುವ ಲಿಗಮೆಂಟ್‌ಗೆ ಆದ ಪೆಟ್ಟು. ಮೊಣಕೈಯದಾದರೆ ಎಸ್53.4ರ ಗುಂಪು. ಸ್ಟ್ರೇನ್ ಅಂದರೆ ಸ್ನಾಯು ಅಥವಾ ಅದನ್ನು ಮೂಳೆಗೆ ಹಿಡಿದಿಡುವ ಟೆಂಡನ್ ಎಳೆದದ್ದು. ಅದು ಎಸ್56ರಲ್ಲಿ ಸಿಗುತ್ತದೆ. ಹೊಸಬರಿಗೆ ಇಲ್ಲೇ ಗೊಂದಲ, ಏಕೆಂದರೆ ಎಸ್56ರ ಹೆಸರಿನಲ್ಲಿ ಮೊಣಕೈ ಎಂಬ ಪದವೇ ಇಲ್ಲ. ‘ಫೋರ್‌ಆರ್ಮ್’ ಎಂದಿದೆ, ಅಂದರೆ ಮೊಣಕೈಯಿಂದ ಮಣಿಕಟ್ಟಿನವರೆಗಿನ ಭಾಗ. ತೋಳಿನ ಸ್ನಾಯುಗಳ ಎಸ್46ರ ಕೆಳಗೆ ಒಂದು ಸಣ್ಣ ಸೂಚನೆ ಇದೆ: ಮೊಣಕೈ ಮಟ್ಟದ ಸ್ನಾಯುವಾದರೆ ಎಸ್56 ನೋಡಿ. ಆ ಸೂಚನೆಯನ್ನು ನಾನು ಅದುವರೆಗೆ ಓದಿಯೇ ಇರಲಿಲ್ಲ. ಆ ಚಾರ್ಟ್‌ಗೆ ಸರಿಯಾದ ಕೋಡ್ ಎಸ್56.211ಎ. ಸ್ನಾಯು ಯಾವುದೆಂದು ಡಾಕ್ಟರ್ ಹೇಳದೇ ಇದ್ದಿದ್ದರೆ ಎಸ್56.911ಎ.

ಅಂದಿನಿಂದ ಮೊಣಕೈ ಚಾರ್ಟ್ ಬಂದರೆ ನಾನು ಮೊದಲು ಹುಡುಕುವುದು ಸ್ನಾಯುವಿನ ಹೆಸರು. ಬೈಸೆಪ್ಸ್ (ತೋಳಿನ ಮುಂಬದಿಯದು), ಟ್ರೈಸೆಪ್ಸ್ (ಹಿಂಬದಿಯದು) ಅಂತ ಹೆಸರು ಸಿಕ್ಕರೆ ದಾರಿ ಮತ್ತೆ ತಿರುಗುತ್ತದೆ. ಬೈಸೆಪ್ಸ್ ಟೆಂಡನ್‌ನ ಕೆಳತುದಿ ಕೂಡಿಕೊಳ್ಳುವುದು ಮೊಣಕೈ ಹತ್ತಿರವೇ, ನೋವೂ ಅಲ್ಲೇ. ಆದರೂ ಬೈಸೆಪ್ಸ್‌ಗೆ ಎಸ್46ರಲ್ಲಿ ತನ್ನದೇ ಜಾಗ ಇದೆ. ಬಲಗೈದಾದರೆ ಎಸ್46.211. ಟ್ರೈಸೆಪ್ಸ್ ಆದರೆ ಎಸ್46.311. ನೋವು ಎಲ್ಲಿ ಎನ್ನುವುದಕ್ಕಿಂತ ಯಾವ ಸ್ನಾಯು ಎನ್ನುವುದು ಇಲ್ಲಿ ಮುಖ್ಯ.

ಎಡವೋ ಬಲವೋ ಎಂಬುದು ಸಣ್ಣ ವಿಷಯ ಅನ್ನಿಸಬಹುದು. ಈ ಕೋಡ್‌ಗಳ ಆರನೇ ಅಕ್ಷರ ನಿಂತಿರುವುದೇ ಅದರ ಮೇಲೆ: 1 ಬಲ, 2 ಎಡ, 9 ಗೊತ್ತಿಲ್ಲ. ಆ 9 ಹಾಕಬೇಕಾಗಿ ಬಂದಾಗಲೆಲ್ಲ ನನಗೆ ಸಂಕಟ. ಒಂದು ಕೈಗೆ ಬ್ಯಾಂಡೇಜ್ ಹಾಕಿಸಿಕೊಂಡು ಮನೆಗೆ ಹೋದ ಮನುಷ್ಯನ ದಾಖಲೆಯಲ್ಲಿ ‘ಯಾವ ಕೈಯೋ ಗೊತ್ತಿಲ್ಲ’ ಎಂದು ಬರೆದ ಹಾಗೆ ಅದು. ಹಾಗಾಗಿ ಡಾಕ್ಟರ್ ಬರೆದಿಲ್ಲದಿದ್ದರೆ ನರ್ಸ್ ಟಿಪ್ಪಣಿ ತೆಗೆದು ನೋಡುತ್ತೇನೆ. ಯಾವ ಬದಿ ಎಂಬುದನ್ನು ಅಲ್ಲಿಂದ ತೆಗೆದುಕೊಳ್ಳಲು ನಿಯಮದಲ್ಲೇ ಅವಕಾಶವಿದೆ.

ಏಳನೇ ಅಕ್ಷರದಲ್ಲಿ ನಾನು ಇನ್ನೂ ಜಾಸ್ತಿ ದಿನ ತಪ್ಪು ಮಾಡಿದೆ. ಎ ಅಂದರೆ ಮೊದಲ ಭೇಟಿ, ಡಿ ಅಂದರೆ ಎರಡನೆಯದು ಅಂದುಕೊಂಡಿದ್ದೆ. ಹಾಗಲ್ಲ. ಗಾಯಕ್ಕೆ ಸಕ್ರಿಯವಾಗಿ ಚಿಕಿತ್ಸೆ ನಡೆಯುತ್ತಿರುವಷ್ಟು ಕಾಲ ಎ. ಹೊಸ ಡಾಕ್ಟರ್ ಬಂದು ಚಿಕಿತ್ಸೆ ಶುರುಮಾಡಿದರೂ ಎ. ಗಾಯ ಮಾಯುತ್ತಿರುವಾಗ ನೋಡಿಕೊಳ್ಳುವ ಭೇಟಿ ಡಿ. ಹಳೇ ಗಾಯ ಬಿಟ್ಟುಹೋದ ತೊಂದರೆಗೆ ಎಸ್.

ಗಾಯ ಹೇಗಾಯಿತು ಎನ್ನುವುದಕ್ಕೆ ಬೇರೆ ಕೋಡ್‌ಗಳಿವೆ. ಭಾರ ಎತ್ತಿ ಆದದ್ದಕ್ಕೆ ಎಕ್ಸ್50.0ಎಕ್ಸ್‌ಎಕ್ಸ್‌ಎ. ಮಧ್ಯದ ಎರಡು ಎಕ್ಸ್ ಸುಮ್ನೆ ಜಾಗ ತುಂಬಲು, ಏಳನೇ ಅಕ್ಷರ ಏಳನೇ ಮನೆಯಲ್ಲೇ ಕೂರಬೇಕಲ್ಲ. ಇದು ಯಾವತ್ತೂ ಮೊದಲ ಕೋಡ್ ಆಗಬಾರದು.

ಎಲ್ಲಕ್ಕಿಂತ ಕಷ್ಟದ ಚಾರ್ಟ್ ಅಂದರೆ ‘ಎಡ ಮೊಣಕೈ ಸ್ಪ್ರೇನ್/ಸ್ಟ್ರೇನ್’ ಎಂದು ನಡುವೆ ಗೆರೆ ಎಳೆದು ಬರೆದದ್ದು. ಎರಡೂ ಆಗಿದೆಯೋ, ಎರಡರಲ್ಲಿ ಒಂದೋ? ಎರಡೂ ನಿಜವಾಗಿ ಆಗಿದ್ದರೆ ಎಸ್53, ಎಸ್56 ಎರಡನ್ನೂ ಒಟ್ಟಿಗೆ ಹಾಕಬಹುದು, ನಿಯಮ ಅಡ್ಡ ಬರುವುದಿಲ್ಲ. ಆದರೆ ಅದನ್ನು ಹೇಳಬೇಕಾದವರು ಡಾಕ್ಟರ್. ನನ್ನ ಮುಂದಿದ್ದ ಚಾರ್ಟ್‌ನಲ್ಲಿ ಕೀಲು ಸಡಿಲವಾಗಿಲ್ಲ, ಮಣಿಕಟ್ಟನ್ನು ಹಿಂದಕ್ಕೆ ಎತ್ತುವಾಗ ಒತ್ತು ಕೊಟ್ಟರೆ ಹೊರಬದಿ ನೋವು ಎಂದು ಪರೀಕ್ಷೆಯ ಭಾಗದಲ್ಲಿತ್ತು. ಓದಿದರೆ ಸ್ನಾಯುವೇ ಅನ್ನಿಸುತ್ತದೆ. ಆದರೆ ನನಗೆ ಅನ್ನಿಸಿದ್ದನ್ನು ಕೋಡ್ ಮಾಡುವ ಅಧಿಕಾರ ನನಗಿಲ್ಲ. ಹೊರರೋಗಿಗಳ ಚಾರ್ಟ್‌ನಲ್ಲಿ ಡಾಕ್ಟರೇ ‘ಇರಬಹುದು’ ಎಂದು ಬರೆದರೂ ಅದನ್ನು ಖಚಿತ ಎಂದು ಕೋಡ್ ಮಾಡುವಂತಿಲ್ಲ. ಆಗ ಲಕ್ಷಣಕ್ಕೆ ಕೋಡ್, ಎಡ ಮೊಣಕೈ ನೋವಾದರೆ ಎಂ25.522.

ಹಾಗಾಗಿ ಡಾಕ್ಟರ್‌ಗೆ ಕ್ವೆರಿ, ಅಂದರೆ ಸ್ಪಷ್ಟನೆ ಕೇಳುವ ಪ್ರಶ್ನೆ, ಕಳಿಸಿದೆ. ಇಲ್ಲಿ ಪದಗಳನ್ನು ಅಳೆದು ಬರೆಯಬೇಕು. ‘ಇದು ಸ್ಟ್ರೇನ್ ಅಲ್ವಾ?’ ಎಂದು ಕೇಳಿದರೆ ಉತ್ತರವನ್ನು ನಾನೇ ಬಾಯಿಗೆ ಇಟ್ಟ ಹಾಗೆ. ಮೊದಲು ಅವರು ಬರೆದದ್ದನ್ನೇ ಎತ್ತಿ ಬರೆದೆ, ಪರೀಕ್ಷೆಯ ವಿವರ ಸೇರಿಸಿದೆ. ಆಮೇಲೆ ಆಯ್ಕೆ ಕೊಟ್ಟೆ: ಲಿಗಮೆಂಟ್ ಸ್ಪ್ರೇನ್, ಸ್ನಾಯು ಅಥವಾ ಟೆಂಡನ್ ಸ್ಟ್ರೇನ್ (ಯಾವ ಸ್ನಾಯು?), ಎರಡೂ, ಬೇರೆ ಏನಾದರೂ, ಈಗ ಹೇಳಲಾಗದು. ದುಡ್ಡಿನ ಮಾತು, ಕೋಡ್ ಸಂಖ್ಯೆ ಒಂದೂ ಅದರಲ್ಲಿ ಇರಲಿಲ್ಲ.

ಎರಡು ದಿನ ಚಾರ್ಟ್ ಬಾಕಿ ಪಟ್ಟಿಯಲ್ಲೇ ಕೂತಿತ್ತು. ಮೂರನೇ ದಿನ ಉತ್ತರ ಬಂತು. ಡಾಕ್ಟರ್ ತಿದ್ದುಪಡಿ ಸೇರಿಸಿ, ಎಡ ಕೈ, ಮಣಿಕಟ್ಟಿನ ಎಕ್ಸ್‌ಟೆನ್ಸರ್ (ಹಿಂದಕ್ಕೆ ಎತ್ತುವ) ಸ್ನಾಯುವಿನ ಸ್ಟ್ರೇನ್, ಲಿಗಮೆಂಟ್‌ಗೆ ಪೆಟ್ಟಿಲ್ಲ ಎಂದು ಬರೆದು ಸಹಿ ಮಾಡಿದ್ದರು. ಎಸ್56.512ಎ ಹಾಕಿ ಚಾರ್ಟ್ ಮುಗಿಸಿದೆ.