ಲಿವರ್ ಗಟ್ಟಿ, ಬ್ರೇಕ್ ಮಾತ್ರ ಇಲ್ಲ: ಸೈಕಲ್ ಡಿಸ್ಕ್ ಬ್ರೇಕ್ ನಾನು ಸರಿಮಾಡುವ ಬಗೆ

ಲಿವರ್ ಗಟ್ಟಿಯಾಗಿಯೇ ಇದ್ದು ಸೈಕಲ್ ನಿಲ್ಲದಿದ್ದರೆ ನಾನು ಬ್ಲೀಡ್ ಮಾಡುವ (ಬ್ರೇಕಿನ ಎಣ್ಣೆಯಲ್ಲಿ ಸೇರಿದ ಗಾಳಿ ಹೊರತೆಗೆಯುವ) ಗೋಜಿಗೆ ಹೋಗುವುದಿಲ್ಲ. ಒತ್ತಿದಾಗ ಸ್ಪಂಜಿನಂತೆ ಮೆತ್ತಗಿದ್ದು, ನಾಲ್ಕೈದು ಸಲ ಒತ್ತಿದ ಮೇಲೆ ಬಿಗಿಯಾದರೆ ಮಾತ್ರ ಒಳಗೆ ಗಾಳಿ ಇರುವ ಗುಮಾನಿ. ಉಳಿದಂತೆ ತಪ್ಪೆಲ್ಲ ಸಾಮಾನ್ಯವಾಗಿ ಚಕ್ರದ ಜೊತೆ ತಿರುಗುವ ಡಿಸ್ಕ್, ಅದನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ಪ್ಯಾಡ್‌ಗಳದ್ದೇ.

ಚಕ್ರ ಬಿಚ್ಚಿ ಪ್ಯಾಡ್ ತೆಗೆದು ನೋಡುತ್ತೇನೆ. ಲೋಹದ ತಗಡು ಬಿಟ್ಟು ಸವೆಯುವ ಪದರವೇ 1 ಮಿ.ಮೀ.ಗಿಂತ ಕಡಿಮೆ ಉಳಿದಿದ್ದರೆ ಹೊಸದು ಹಾಕುತ್ತೇನೆ. ಮೈ ಕನ್ನಡಿಯಂತೆ ಹೊಳೆಯುತ್ತಿದ್ದರೆ ಸಮತಟ್ಟಾದ ಗಾಜಿನ ಮೇಲೆ ಸ್ಯಾಂಡ್‌ಪೇಪರ್ ಇಟ್ಟು, ಹೊಳಪು ಹೋಗುವವರೆಗೆ ಉಜ್ಜುತ್ತೇನೆ. ಆ ಪುಡಿ ಮೂಗಿಗೆ ಹೋಗಬಾರದು, ಮಾಸ್ಕ್ ಬೇಕು. ಚೈನಿಗೆ ಸ್ಪ್ರೇ ಹೊಡೆಯುವಾಗ ಹಾರಿದ ಎಣ್ಣೆ ಪ್ಯಾಡಿನೊಳಗೆ ಇಂಗಿದ್ದರೆ ಮಾತ್ರ ಎಸೆಯುವುದೇ ಸರಿ. ಬೆಂಕಿಯಲ್ಲಿ ಕಾಯಿಸಿ ಉಳಿಸಿಕೊಳ್ಳುವ ಉಪಾಯದ ಮೇಲೆ ನನಗೆ ನಂಬಿಕೆಯಿಲ್ಲ.

ಡಿಸ್ಕನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೆಯಿಂದ ಒರೆಸುತ್ತೇನೆ, ಬಟ್ಟೆಗೆ ಕಪ್ಪು ಹತ್ತುವುದು ನಿಲ್ಲುವವರೆಗೆ. ಆಮೇಲೆ ಅದನ್ನು ಬೆರಳಿನಿಂದ ಮುಟ್ಟಬಾರದು. ಹೊಸ ಡಿಸ್ಕ್ ಸಾಮಾನ್ಯವಾಗಿ 1.8 ಮಿ.ಮೀ. ದಪ್ಪ; ಶಿಮಾನೊ ಕಂಪನಿಯ ಡಿಸ್ಕ್ ಆದರೆ 1.5ಕ್ಕೆ ಇಳಿದಾಗ ಬದಲಿಸಬೇಕು.

ಬಹಳ ಮಂದಿ ಬಿಟ್ಟುಬಿಡುವುದು ಪ್ಯಾಡನ್ನು ಡಿಸ್ಕಿನತ್ತ ತಳ್ಳುವ ಎದುರುಬದುರಿನ ಪಿಸ್ಟನ್‌ಗಳನ್ನು. ಒಂದು ಸರಕ್ಕನೆ ಮುಂದೆ ಬರುತ್ತದೆ, ಎದುರಿನದ್ದು ಕೂತಲ್ಲೇ ಕೂತಿರುತ್ತದೆ. ಚುರುಕಿನದ್ದನ್ನು ಪ್ಲಾಸ್ಟಿಕ್ ಟೈರ್ ಲಿವರ್‌ನಿಂದ ಒತ್ತಿ ಹಿಡಿದು, ಬ್ರೇಕ್ ಲಿವರನ್ನು ಮೆಲ್ಲಗೆ ಅದುಮಿ, ಜಡವಾದದ್ದನ್ನು ಎರಡು ಮಿ.ಮೀ.ಯಷ್ಟು ಮಾತ್ರ ಹೊರಗೆ ತರುತ್ತೇನೆ. ಜಾಸ್ತಿ ಅದುಮಿದರೆ ಪಿಸ್ಟನ್ ಕಳಚಿ ಬಿದ್ದೀತು. ಸುತ್ತಲಿನ ಕೊಳೆಯನ್ನು ಹತ್ತಿಕಡ್ಡಿಯಿಂದ ಒರೆಸಿ, ಆ ಬ್ರೇಕಿನದ್ದೇ ಎಣ್ಣೆ ಒಂದು ಹನಿ ಸವರಿ, ಒಳಗೆ ತಳ್ಳಿ, ಮತ್ತೆ ಹೊರತರುತ್ತೇನೆ. ಮೂರ್ನಾಲ್ಕು ಸಲ ಹೀಗೆ ಮಾಡಿದರೆ ಎರಡೂ ಸಮನಾಗಿ ಚಲಿಸುತ್ತವೆ. ಪ್ಯಾಡ್ ಹಾಕುವ ಮೊದಲು ಉಳಿದ ಎಣ್ಣೆಯನ್ನೆಲ್ಲ ಒರೆಸಿರಬೇಕು. ಮಿನರಲ್ ಆಯಿಲ್ ಬಳಸುವ ಬ್ರೇಕಿಗೆ ಡಾಟ್ (DOT) ಎಂಬ ಇನ್ನೊಂದು ಬಗೆಯ ಬ್ರೇಕ್ ದ್ರವ ಹನಿಯಷ್ಟೂ ಸೇರಬಾರದು, ಸೀಲ್ ಉಬ್ಬಿ ಕೆಡುತ್ತದೆ.

ಜೋಡಿಸಿ, ಪಿಸ್ಟನ್, ಪ್ಯಾಡ್ ಕೂರುವ ಕ್ಯಾಲಿಪರಿನ ಎರಡು ಬೋಲ್ಟ್ ಸಡಿಲಿಸಿ, ಲಿವರ್ ಒತ್ತಿ ಹಿಡಿದೇ ಒಂದನ್ನೊಮ್ಮೆ ಇನ್ನೊಂದನ್ನೊಮ್ಮೆ ಸ್ವಲ್ಪಸ್ವಲ್ಪ ಬಿಗಿಯುತ್ತೇನೆ. ಒಂದೇ ಬೋಲ್ಟನ್ನು ಪೂರ್ತಿ ಬಿಗಿದರೆ ಕ್ಯಾಲಿಪರ್ ತಿರುಚಿಕೊಳ್ಳುತ್ತದೆ.

ಇಷ್ಟಾದರೂ ಹೊಸ ಪ್ಯಾಡ್ ಮೊದಲ ದಿನ ಹಿಡಿಯುವುದಿಲ್ಲ. ಪ್ಯಾಡಿನ ತೆಳು ಪದರ ಡಿಸ್ಕಿಗೆ ಸಮನಾಗಿ ಅಂಟಬೇಕು. ಖಾಲಿ ರಸ್ತೆಯಲ್ಲಿ ಗಂಟೆಗೆ 20 ಕಿ.ಮೀ. ವೇಗದಿಂದ ನಡಿಗೆಯ ವೇಗಕ್ಕೆ, ಒಂದೊಂದು ಬ್ರೇಕಿಗೂ ಇಪ್ಪತ್ತು ಸಲ ಇಳಿಸುತ್ತೇನೆ. ಚಕ್ರ ಪೂರ್ತಿ ನಿಲ್ಲಿಸಬಾರದು: ಬಿಸಿ ಪ್ಯಾಡ್ ನಿಂತಲ್ಲಿ ದಪ್ಪ ಕಲೆ ಅಂಟಿ, ಆಮೇಲೆ ಪ್ರತಿ ಸುತ್ತಿಗೂ ಲಿವರ್ ಮಿಡಿಯುತ್ತದೆ.